ಕೈಗೆ ಸಿಗದ ಗೌಜಲಕ್ಕಿ, ಮರಳು ಹೊದ್ದ ಬೊಂಡಾಸು

ನಾಗಮಂಗಲದ ನಮ್ಮ ಕುಲುಮೆಗೆ ಬರುವವರು ದೇವರನ್ನು ಕೇಳಿಕೊಂಡು ಬರುತ್ತಾರೆ. ಉತ್ಸವಮೂರ್ತಿ, ಪ್ರಭಾವಳಿ, ಅಮ್ಮನವರ ಮುಖ, ಅಪರೂಪಕ್ಕೊಂದು ಗಂಟೆ. ಆ ವರ್ಷ ಸಂಕ್ರಾಂತಿ ಮುಗಿದ ವಾರ ಬಂದ ಇಬ್ಬರು ಮಾತ್ರ ಮುಚ್ಚಳ ಬಿಗಿದ ಗಾಜಿನ ಶೀಶೆಯೊಂದನ್ನು ಜಗಲಿಯ ಮೇಲಿಟ್ಟು, ಇದನ್ನೂ ಒಂದು ಗೌಜಲಕ್ಕಿಯನ್ನೂ ಎರಕ ಹೊಯ್ದು ಕೊಡಬೇಕು ಎಂದರು.

ಗೌಜಲಕ್ಕಿ ಅಂದರೆ ಪುಸ್ತಕದವರು ಕೌಜುಗ ಅನ್ನುವ ಹಕ್ಕಿ. ಕೋಳಿಗಿಂತ ಚಿಕ್ಕದು, ಹೊಲದ ಬದುಗಳಲ್ಲಿ ಓಡಾಡಿಕೊಂಡಿರುತ್ತದೆ, ಹಿಂದಿನವರು ಉರುಲು ಹಾಕಿ ಹಿಡಿದು ಸಾರು ಮಾಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಶೀಶೆಯಲ್ಲಿದ್ದದ್ದು ಏನೆಂದು ಗೊತ್ತಾಗಲಿಲ್ಲ. ಬಿಳಿಚಿಕೊಂಡ, ಹೆಬ್ಬೆರಳಷ್ಟು ಗಾತ್ರದ, ಒಂದು ಕಡೆ ಚೀಲ ಇನ್ನೊಂದು ಕಡೆ ಬೇರಿನಂಥ ಕಾಲುಗಳಿದ್ದ ಜೀವ.

"ಸಮುದ್ರದ್ದು, ಆಚಾರ್ರೇ," ಎಂದರು ಬಂದವರಲ್ಲಿ ಒಬ್ಬರಾದ ಮೇಡಮ್ಮು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತಿಯಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದವರು. "ಮಂಗಳೂರು ಕಡೆ ಮೀನು ಹಿಡಿಯೋರು ಬೊಂಡಾಸ್ ಅಂತಾರಲ್ಲ, ಸ್ಕ್ವಿಡ್ಡು, ಅದರಲ್ಲೇ ಪುಟಾಣಿ ಜಾತಿ. ಬೆಳೆದ್ರೂ ಇಷ್ಟೇ."

ಒಳಗಿನಿಂದ ನಮ್ಮಪ್ಪನ ದನಿ ಬಂತು. "ನಾಗಮಂಗ್ಲದಲ್ಲಿ ಸಮುದ್ರದ ಉಳ ಎರಕ ಉಯ್ಯೋ ಕಾಲ ಬಂತು ಬುಡು."

ಇನ್ನೊಬ್ಬರು ನಕ್ಕರು. ಅವರು ಪಾಂಡವಪುರದ ಹತ್ತಿರ ಅಂಧಮಕ್ಕಳ ವಸತಿ ಶಾಲೆಯೊಂದರ ಮೇಷ್ಟ್ರು. ಮೂವತ್ತೈದರ ಆಸುಪಾಸಿನ ವಯಸ್ಸು, ಹುಟ್ಟಿನಿಂದಲೇ ಕಣ್ಣಿಲ್ಲ. ಕೋಲು ಮಡಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಿಷಯ ಹೇಳಿದವರು ಅವರೇ.

"ನಮ್ಮ ಮಕ್ಕಳಿಗೆ ಏಳನೇ ಕ್ಲಾಸಿನ ಗಂಟ ನಾನು ಪರಿಸರದ ಪಾಠ ಮಾಡ್ತೀನಿ. ಎಂಟಕ್ಕೆ ಬಂದ ಮೇಲೆ ವಿಜ್ಞಾನ ಬೇಡ ಅಂತಾರೆ. ಚಿತ್ರ ಬರೀಬೇಕು, ಪ್ರಯೋಗ ಮಾಡ್ಬೇಕು, ಕಣ್ಣಿಲ್ದೋರಿಗೆ ಕಷ್ಟ, ಬದ್ಲಿಗೆ ಬೇರೆ ವಿಷಯ ತಗೊಳ್ಳಿ ಅಂತ. ನಾನೂ ಅಂಗೇ ಓದ್ದೋನು. ವಿಜ್ಞಾನವ ಆಮೇಲೆ ಒಬ್ನೇ ಕದ್ದು ತಿಂದಂಗೆ ಓದ್ಕಂಡೆ. ನಮ್ಮ ಮಕ್ಕಳಿಗೆ ಅಂಗಾಗೋದು ಬೇಡ ಅಂತ ಅರ್ಜಿ ಕೊಟ್ಟಿದ್ದೆ. ಶಿವರಾತ್ರಿಗೆ ಮುಂಚೆ ಮೂರು ಜನ ಅಧಿಕಾರಿಗಳು ಬತ್ತಾರೆ. ಒಂದು ಪಾಠ ಮಾಡಿ ತೋರ್ಸು, ಸರಿ ಕಂಡ್ರೆ ಜೂನಿಂದ ಎಂಟಕ್ಕೂ ವಿಜ್ಞಾನ ಕೊಡಾನ ಅಂದವ್ರೆ."

"ಯಾವ ಪಾಠ?"

"ಪ್ರಾಣಿಗಳು ಅಡಗೋ ಪಾಠ. ಬಣ್ಣ ಹೊಂದಿಸ್ಕಂಡು ಅಡಗ್ತವೆ ಅಂತ ಪುಸ್ತಕದಲ್ಲಿ ಅದೆ. ಅವರಲ್ಲೇ ಒಬ್ರು, ಬೇರೆ ಏನಾದ್ರೂ ಮಾಡಿ, ಇದೊಂದು ನಿಮ್ಮ ಮಕ್ಕಳಿಗೆ ತಿಳಿಯೋದಲ್ಲ ಬಿಡಿ ಅಂದ್ರು. ಅದಕ್ಕೇ ಇದನ್ನೇ ಹಿಡ್ಕಂಡೆ."

ಮೇಡಮ್ಮು ಆ ಎರಡು ಜೀವಗಳನ್ನು ಆರಿಸಿದ ಕಾರಣ ಬಿಡಿಸಿ ಹೇಳಿದರು. ಒಂದಕ್ಕೆ ಮೂಳೆಯೇ ಇಲ್ಲ, ಇನ್ನೊಂದು ಹಕ್ಕಿ. ಹತ್ತು ತಲೆಮಾರು ಹುಡುಕಿದರೂ ನೆಂಟಸ್ತನ ಸಿಗದು. ಆದರೂ ಎರಡೂ ನೆಲ ನಂಬಿ ಬದುಕುತ್ತವೆ, ಎರಡರ ಮಾಂಸಕ್ಕೂ ಎಲ್ಲರೂ ಆಸೆಪಡುತ್ತಾರೆ, ಎರಡಕ್ಕೂ ಹೊಡೆದಾಡುವ ಶಕ್ತಿಯಿಲ್ಲ. ಉಳಿದಿರುವ ದಾರಿ ಅಡಗುವುದೊಂದೇ. ಹೇಗೆ ಅಡಗುತ್ತವೆ ಎನ್ನುವುದರಲ್ಲಿ ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಗೌಜಲಕ್ಕಿಯ ಕೂಗನ್ನು ಮಕ್ಕಳು ಕೇಳಿದ್ದಾರೆ, ಮೈ ಗೊತ್ತಿಲ್ಲ. ಬೊಂಡಾಸಿಗೆ ಕೂಗೇ ಇಲ್ಲ, ಮೈಯೂ ಗೊತ್ತಿಲ್ಲ. ಎರಡನ್ನೂ ಮುಟ್ಟಿ ಹೋಲಿಸಬೇಕು.

ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ನನ್ನಲ್ಲಿ ದೊಡ್ಡ ಕರುಣೆಯೇನೂ ಇರಲಿಲ್ಲ, ನಿಜ ಹೇಳಬೇಕು. ದೇವರನ್ನೇ ಮಾಡುವ ಕೈಗೆ ಒಂದು ಹಕ್ಕಿ ಯಾವ ಲೆಕ್ಕ ಎನ್ನುವ ಜಂಬವಿತ್ತು.

ನಮ್ಮ ಕೆಲಸ ಹೀಗೆ. ಜೇನುಮೇಣಕ್ಕೆ ರಾಳ ಕುಟ್ಟಿ ಹಾಕಿ, ಸ್ವಲ್ಪ ಎಣ್ಣೆ ಬಿಟ್ಟು ಕಾಯಿಸಿ ಹದ ಮಾಡುತ್ತೇವೆ. ಚಳಿಗಾಲದಲ್ಲಿ ಮೇಣ ಬಿರುಸಾಗುವುದರಿಂದ ಎಣ್ಣೆ ಒಂದು ಗುಟುಕು ಹೆಚ್ಚು. ದೊಡ್ಡ ಮೂರ್ತಿಯಾದರೆ ಒಳಗೆ ಮಣ್ಣಿನ ತಿರುಳಿಟ್ಟು ಅದರ ಮೇಲೆ ಮೇಣ ಹೊದಿಸಿ ರೂಪ ತಿದ್ದುತ್ತೇವೆ. ಮೇಣದ ಮೇಲೆ ಹುತ್ತದ ಮಣ್ಣಿನ ನುಣ್ಣನೆಯ ಲೇಪ, ಅದರ ಮೇಲೆ ಹೊಟ್ಟು ಮರಳು ಬೆರೆಸಿದ ಒರಟು ಲೇಪ, ಮೇಲೊಂದು ತಂತಿಯ ಬಿಗಿತ. ನೆರಳಲ್ಲಿ ಒಣಗಿಸಿ, ಬೆರಣಿಯ ಬೆಂಕಿಯಲ್ಲಿ ಕಾಯಿಸಿದರೆ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಕರಗಿದ ಲೋಹ ಹೊಯ್ಯುವುದು. ಒಂದು ಅಚ್ಚಿಗೆ ಒಂದೇ ಎರಕ. ಅಚ್ಚು ಒಡೆಯದೆ ಒಳಗಿನದು ಗೊತ್ತಾಗುವುದಿಲ್ಲ.

ಗೌಜಲಕ್ಕಿಯ ಮೇಣ ತಿದ್ದಲು ಆರು ದಿನ ಹಿಡಿಯಿತು. ಮೇಡಮ್ಮು ಅಳತೆ ಕೊಟ್ಟಿದ್ದರು, ಫೋಟೋ ಕಳಿಸಿದ್ದರು. ಒಂದೊಂದು ಗರಿಯನ್ನೂ ಬೇರೆಬೇರೆಯಾಗಿ ಕೆತ್ತಿದೆ. ಕತ್ತಿನ ಸುತ್ತ ಇರುವ ಕಪ್ಪು ಗೆರೆಯನ್ನು ಕಂಠೀಹಾರದ ಹಾಗೆ ಎಬ್ಬಿಸಿದೆ. ಬೊಂಡಾಸನ್ನೂ ಹಕ್ಕಿಗೆ ಸರಿಜೋಡಿಯಾಗುವ ಗಾತ್ರಕ್ಕೆ ದೊಡ್ಡದು ಮಾಡಿದೆ. ಅದರ ಮೈಯ ಎರಡು ಪಕ್ಕದಲ್ಲಿ ಈಜಲು ಗುಂಡಗಿನ ರೆಕ್ಕೆಗಳಿವೆ, ಎಂಟು ತೋಳು, ಬೇಟೆ ಹಿಡಿಯಲು ಇನ್ನೆರಡು ಉದ್ದದ ತೋಳು. ನೋಡಲು ತಮಾಷೆಯಾಗಿದೆ ಅನ್ನಿಸಿ ಮಾಡುತ್ತಾ ಹೋದೆ.

ಅಚ್ಚು ಹತ್ತು ದಿನ ಒಣಗಬೇಕಿತ್ತು. ಆರನೇ ದಿನಕ್ಕೇ ನನಗೆ ಅವಸರವಾಯಿತು.

ಅಪ್ಪ ಅಚ್ಚಿನ ಮೇಲೆ ಅಂಗೈ ಇಟ್ಟು ಹೇಳಿದರು. "ಇನ್ನು ನಾಕು ದಿನ ತಡ್ಕಳ್ಳಲಾ. ಒಳಗೆ ಮಣ್ಣು ಇನ್ನೂ ಅಳ್ತಾ ಅದೆ."

"ಕಾವಿಗೆ ಇಟ್ರೆ ಅದೇ ಒಣಗ್ತದೆ ಬುಡಪ್ಪ."

ಇಟ್ಟೆ. ಲೋಹ ಹೊಯ್ಯುತ್ತಿದ್ದ ಹಾಗೆ ಅಚ್ಚು ಒಳಗೊಳಗೇ ಗುಡುಗುಟ್ಟಿತು, ಗಾಳಿಗಂಡಿಯಿಂದ ಕಿಡಿ ಹಾರಿ ನನ್ನ ಮೊಣಕೈ ಸುಟ್ಟಿತು. ಆರಿದ ಮೇಲೆ ಒಡೆದು ನೋಡಿದರೆ ಹಕ್ಕಿಗೆ ಬಾಲವೇ ಇಲ್ಲ. ಹಸಿಯಿದ್ದ ಕಡೆ ಆವಿ ಎದ್ದು ಲೋಹವನ್ನು ತಡೆದಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ಇಲ್ಲಿ ಕುಂಬಾರನೂ ನಾನೇ, ದೊಣ್ಣೆಯೂ ನಾನೇ. ಅಪ್ಪ ಪೊರಕೆ ತಂದು ಒಡೆದ ಅಚ್ಚಿನ ಚೂರು ಗುಡಿಸಿದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಬಾಲವನ್ನು ಬೇರೆ ಎರಕ ಹೊಯ್ದು ಬೆಸುಗೆ ಹಾಕಿದೆ. ಅರದಲ್ಲಿ ಉಜ್ಜಿ, ಹುಣಸೆಹಣ್ಣಿನಲ್ಲಿ ತೊಳೆದು ಫಳಫಳ ಹೊಳೆಯುವ ಹಾಗೆ ಮಾಡಿದೆ. ಎರಡಕ್ಕೂ ಒಂದೊಂದು ಪದ್ಮಪೀಠ ಕೂರಿಸಿದೆ. ನಮ್ಮಲ್ಲಿ ಯಾವ ರೂಪಕ್ಕಾದರೂ ಕಣ್ಣು ತೆರೆಯುವುದು ಕೊನೆಯಲ್ಲಿ, ಒಳ್ಳೆಯ ಗಳಿಗೆ ನೋಡಿ, ಸ್ನಾನ ಮಾಡಿ ಬಂದು. ಹಾಗೆಯೇ ಮಾಡಿದೆ. ರೆಪ್ಪೆಯ ಅಂಚು ಎಬ್ಬಿಸಿ, ಗುಡ್ಡೆ ಉಬ್ಬಿಸಿ, ಯಾವ ಮೂಲೆಯಿಂದ ನೋಡಿದರೂ ನಿಮ್ಮನ್ನೇ ನೋಡುವಂಥ ಕಣ್ಣು. ಹೆಂಡತಿ ನೋಡಿ, "ಜೀವ ಬಂದಂಗದೆ" ಎಂದಳು. ಗೋಣಿಚೀಲದಲ್ಲಿ ಸುತ್ತಿಕೊಂಡು ಪಾಂಡವಪುರದ ಬಸ್ಸು ಹತ್ತಿದೆ. ಅಧಿಕಾರಿಗಳು ಬರಲು ಹದಿನಾರು ದಿನವಿತ್ತು.

ಮೇಷ್ಟ್ರು ಹಕ್ಕಿಯ ಮೇಲೆ ಎರಡೂ ಕೈ ಇಟ್ಟರು. ಮೂರು ಎಣಿಸುವುದರೊಳಗೆ ಅವರ ತೋರುಬೆರಳು ನಿಂತಿತು.

"ಮೊದ್ಲು ಕಣ್ಣೇ ಸಿಕ್ತು, ಆಚಾರ್ರೇ."

"ಸಿಗಲೇಬೇಕಲ್ಲ ಮೇಷ್ಟ್ರೇ. ನಮ್ಮ ಮನೆ ಕೆಲಸದಲ್ಲಿ ಜೀವ ಇರಾದೇ ಕಣ್ಣಲ್ಲಿ."

"ದೇವ್ರಿಗೆ ಸರಿ. ದೇವ್ರು ನನ್ನ ನೋಡ್ಲಿ ಅಂತ ನಾವು ಗುಡಿಗೆ ಓಯ್ತೀವಿ. ಇದು ಯಾರೂ ನನ್ನ ನೋಡ್ದೆ ಇರ್ಲಿ ಅಂತ ಕುಂತಿರೋ ಹಕ್ಕಿ ಅಲ್ವಾ?"

ಅವರ ಕೈ ಕೆಳಗಿಳಿಯಿತು.

"ಇದೇನು?"

"ಪೀಠ."

"ಗೌಜಲಕ್ಕಿ ಪೀಠದ ಮೇಲೆ ಕುಂತ್ಕತದಾ?"

ಬೊಂಡಾಸನ್ನು ಕೈಗೆ ತೆಗೆದುಕೊಂಡರು. ಹೆಬ್ಬೆರಳಷ್ಟಿರುವುದು ಹಕ್ಕಿಯಷ್ಟಾಗಿದೆ, ಎರಡೂ ಒಂದೇ ಗಾತ್ರದವು ಅಂತಲೇ ಮಕ್ಕಳು ಜೀವನಪೂರ್ತಿ ತಿಳಿದಿರುತ್ತಾರೆ, ಕಣ್ಣಿದ್ದವರ ಹಾಗೆ ಆಮೇಲೆ ಎಲ್ಲೋ ನೋಡಿ ತಿದ್ದಿಕೊಳ್ಳುವುದಕ್ಕಾಗುವುದಿಲ್ಲ ಎಂದರು. ಪಕ್ಕದ ರೆಕ್ಕೆಗಳನ್ನು ಮುಟ್ಟಿ ನಕ್ಕುಬಿಟ್ಟರು. "ಇವು ನಾನು ಮುಟ್ಟಿರೋ ಗಣಪತಿ ಕಿವಿ ಇದ್ದಂಗವೆ."

ನೋಡಿದೆ. ಗಣಪತಿಯ ಕಿವಿಯೇ. ನನ್ನ ಕೈ ನನ್ನನ್ನು ಕೇಳದೆ ಮಾಡಿಬಿಟ್ಟಿತ್ತು. ಉದ್ದದ ತೋಳು ಸೊಂಡಿಲಿನ ಹಾಗೆ ಎಡಕ್ಕೆ ತಿರುಗಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲಿ. ಕೊಟ್ಟ ಕಾಫಿ ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಚೀಲ ತೊಡೆಯ ಮೇಲಿಟ್ಟುಕೊಂಡು ಬೈದುಕೊಳ್ಳುತ್ತಲೇ ಬಂದೆ. ಊರು ಹತ್ತಿರವಾಗುವ ಹೊತ್ತಿಗೆ ಬೈಗುಳ ತೀರಿತು. ನನಗೆ ಸಿಟ್ಟು ಬಂದದ್ದು ಅವರು ತಪ್ಪು ಹೇಳಿದ್ದಕ್ಕಲ್ಲ, ಸರಿ ಹೇಳಿದ್ದಕ್ಕೆ. ಗೌಜಲಕ್ಕಿಯನ್ನು ನಾನು ಸರಿಯಾಗಿ ಕಂಡದ್ದು ಚಿಕ್ಕವನಿದ್ದಾಗ ಯಾರದೋ ಮನೆಯ ಬುಟ್ಟಿಯ ಕೆಳಗೆ. ಹೊಲದಲ್ಲಿ ಅದು ಹೇಗಿರುತ್ತದೆಂದು ನೋಡಿಯೇ ಇರಲಿಲ್ಲ.

ಮಾರನೆಯ ದಿನ ಬಿಂಡಿಗನವಿಲೆಗೆ ಹೋದೆ. ರಾಗಿ ಕೊಯ್ದಾಗಿತ್ತು, ಹೊಲಗಳಲ್ಲಿ ಬರೀ ಕೂಳೆ. ಐವತ್ತು ದಾಟಿದ ಹೆಂಗಸೊಬ್ಬರು ಕುರಿ ಮೇಯಿಸುತ್ತಿದ್ದರು.

"ಗೌಜಲಕ್ಕಿ ಬೇಕಾಗಿತ್ತು ಕಣವ್ವ."

"ಇಡಿಯಂಗಿಲ್ಲ ಈಗ. ಕೇಸಾಯ್ತದೆ."

"ಹಿಡಿಯಾಕಲ್ಲ. ನೋಡಾಕೆ."

ಆಕೆ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. "ನೋಡಾಕಾ? ಏಳಾದ ನೋಡ್ಬೋದು ಕಣಣ್ಣ. ಕುಂತಿರಾದ ನೋಡಾಕಾಗಾಕಿಲ್ಲ." ಕೋಲು ಚಾಚಿ ತೋರಿಸಿದರು. "ಆ ಕಲ್ಲಿಗೂ ಈ ಬದಿಗೂ ನಡುವೆ ಎರಡು ಕುಂತವೆ. ನಾನು ಬಂದಾಗ ಓಡೋಗಿ ಅಲ್ಲಿ ಕುಂತ್ಕಂಡೋ. ನೋಡು, ನೋಡೀಯಂತೆ."

ಹತ್ತು ಹೆಜ್ಜೆ ದೂರವೂ ಇಲ್ಲ. ಕಣ್ಣು ಕಿರಿದು ಮಾಡಿ, ಅಗಲ ಮಾಡಿ ನೋಡಿದೆ. ಮಣ್ಣು, ಕೂಳೆ, ನೊರಜುಗಲ್ಲು. ಗುಲಗಂಜಿಯಷ್ಟು ಜಾಗದಲ್ಲಿ ಹೂಬಳ್ಳಿ ಕೊರೆಯುವ ಕಣ್ಣು ನನ್ನದು, ಎರಡು ಹಕ್ಕಿ ಕಾಣಲಿಲ್ಲ. ಸುಳ್ಳು ಹೇಳುತ್ತಿದ್ದೀರಿ ಎಂದೆ. "ಅಂಗಾರೆ ನಡಿ ಮುಂದಕ್ಕೆ" ಎಂದರು. ನಡೆದೆ. ಏಳನೇ ಹೆಜ್ಜೆಗೆ ನನ್ನ ಪಾದದ ಪಕ್ಕದಿಂದಲೇ ನೆಲ ಬುರ್ರನೆ ಎದ್ದು ಹಾರಿತು. ನಾನು ಕುಂಡಿ ಊರಿ ಬಿದ್ದೆ. ಆಕೆ ನಗುತ್ತಾ ನಗುತ್ತಾ ಕೆಮ್ಮು ಬರುವವರೆಗೂ ನಕ್ಕರು.

ಬಿದ್ದಲ್ಲಿಂದ ನಾನು ತಕ್ಷಣ ಏಳಲಿಲ್ಲ. ಹಕ್ಕಿ ಕೂತಿದ್ದ ಜಾಗವನ್ನು ಅಂಗೈಯಿಂದ ಸವರಿದೆ. ಹೆಂಟೆ, ಹರಳು, ಕೂಳೆಯ ಮೊನೆ, ಮತ್ತೆ ಹೆಂಟೆ. ಕಣ್ಣಿಗೆ ಬಣ್ಣ ಹೇಗೋ ಕೈಗೆ ಒರಟುತನ ಹಾಗೆ ಎನ್ನುವುದು ಆಗ ಹೊಳೆಯಿತು. ಹಕ್ಕಿಯ ಬೆನ್ನು ಈ ನೆಲದಷ್ಟೇ ಒರಟಾಗಿದ್ದರೆ ಕೈ ಅದರ ಮೇಲೆ ಹಾದು ಹೋಗಿಬಿಡುತ್ತದೆ, ನನ್ನ ಕಣ್ಣು ಹಾದು ಹೋದ ಹಾಗೆ. ನಾನು ಎರಕ ಹೊಯ್ಯಬೇಕಾದದ್ದು ಹಕ್ಕಿಯನ್ನಲ್ಲ, ಹೊಲವನ್ನು. ಹಕ್ಕಿ ಅದರೊಳಗೆ ಎಲ್ಲೋ ಇರಬೇಕು.

ಹೇಳುವುದು ಸುಲಭ. ಹದಿನೈದು ದಿನ ಉಳಿದಿತ್ತು, ಅಚ್ಚು ಒಣಗಲಿಕ್ಕೇ ಹತ್ತು ದಿನ ಬೇಕು. ಕೆಟ್ಟರೆ ಇನ್ನೊಂದು ಸಲ ಮಾಡಲು ಹೊತ್ತಿಲ್ಲ. ಅಷ್ಟು ಲೋಹವೂ ಕೈಯಲ್ಲಿರಲಿಲ್ಲ. ಇದ್ದದ್ದು ಆ ಹೊಳೆಯುವ ಹಕ್ಕಿ. ಅದನ್ನೇ ಕಳಿಸಿದ್ದರೂ ಬರುವ ಅಧಿಕಾರಿಗಳು ಕಣ್ಣಿದ್ದವರು, ನೋಡಿ ಭೇಷ್ ಅನ್ನುತ್ತಿದ್ದರೇನೋ. ಮೇಷ್ಟ್ರಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಕೆಟ್ರೆ ನನ್ನ ಕೈಲಿ ಏನೂ ಇರಾಕಿಲ್ಲ, ಅಲ್ವಾ?"

"ಇರಾಕಿಲ್ಲ ಮೇಷ್ಟ್ರೇ."

"ಕರಗಿಸ್ಬುಡಿ," ಎಂದರು.

ಹಕ್ಕಿಯನ್ನೂ ಗಣಪತಿ ಕಿವಿಯ ಬೊಂಡಾಸನ್ನೂ ಎರಡು ಪೀಠಗಳನ್ನೂ ಸುತ್ತಿಗೆಯಲ್ಲಿ ತುಂಡು ಮಾಡಿ ಲೋಹ ಕರಗಿಸುವ ಮೂಸೆಗೆಂದು ಗಡಿಗೆಯಲ್ಲಿಟ್ಟೆ.

ಜರಡಿ ಹಿಡಿದ ಜೇಡಿಮಣ್ಣನ್ನು ರೊಟ್ಟಿಯ ಹಾಗೆ ತಟ್ಟಿ, ಹಸಿಬಟ್ಟೆಯಲ್ಲಿ ಸುತ್ತಿಕೊಂಡು ಮತ್ತೆ ಬಿಂಡಿಗನವಿಲೆಗೆ ಹೋದೆ. ಆ ಮಣ್ಣನ್ನು ಹೊಲದ ನೆಲಕ್ಕೆ ಒತ್ತಿ ತೆಗೆದರೆ ನೆಲದ ಪಡಿಯಚ್ಚು ಸಿಗುತ್ತದೆ, ಮನೆಯಲ್ಲಿ ಅದಕ್ಕೆ ಮೇಣ ಒತ್ತಿದರೆ ಹೊಲವೇ ಮೇಣವಾಗಿ ಬರುತ್ತದೆ. ಕುರಿಯ ಅವ್ವ ಕುರಿಗಳನ್ನು ಬಿಟ್ಟು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತರು. "ಇಲ್ಲೊತ್ಬೇಡ, ಇಲ್ಲಿ ಕುರಿ ತುಳ್ದವೆ. ಅಲ್ಲೊತ್ತು. ಅದು ಕುಂತ್ಕಳೋ ಜಾಗ ಅದು." ಆಕೆ ಹೇಳಿದಲ್ಲೆಲ್ಲಾ ಒತ್ತಿದೆ. ತಿರುಗಿ ಬರುವಾಗ ಬಸ್ಸಿನಲ್ಲಿ ಕಂಡಕ್ಟರು ಮಣ್ಣಿನ ತಟ್ಟೆಗಳನ್ನು ನೋಡಿ, "ಏನ್ ಆಚಾರ್ರೇ, ನೆಲಾನೇ ಕಿತ್ಕಂಡು ಒಂಟ್ರಲ್ಲ" ಎಂದ.

ಎರಡು ಅಡಿ ಅಗಲದ ಮೇಣದ ಹೊಲ ಸಿದ್ಧವಾಯಿತು. ಅದರ ನಡುವೆ ಸ್ವಲ್ಪ ಓರೆಗೆ, ಹೊಟ್ಟೆ ನೆಲಕ್ಕೊತ್ತಿ ಕೂತ ನಿಜಗಾತ್ರದ ಗೌಜಲಕ್ಕಿ. ಹಿಂದೆ ಮಾಡಿದ್ದೆಲ್ಲದರ ತಿರುಗುಮುರುಗು ಮಾಡಬೇಕಾಯಿತು. ಗರಿಯ ಅಂಚು ಬಿಡಿಸುವ ಕಡೆ ಅಳಿಸಿದೆ. ಕತ್ತು ಮುಗಿದು ಮೈ ಶುರುವಾಗುವ ಜಾಗ ಗೊತ್ತಾಗಬಾರದೆಂದು ಅಲ್ಲೊಂದು ಹೆಂಟೆ ಇಟ್ಟೆ. ಬೆನ್ನಿನ ಅಡ್ಡಗೆರೆಗಳನ್ನು ಕೂಳೆಯ ಗೆರೆಗಳಿಗೆ ಸೇರಿಸಿದೆ. ಎದ್ದು ಕಾಣುವ ಹಾಗೆ ಮಾಡು ಅಂತ ನನಗೆ ಹನ್ನೆರಡನೇ ವಯಸ್ಸಿನಿಂದ ಕಲಿಸಿದ್ದರು. ಕಾಣದ ಹಾಗೆ ಮಾಡುವುದನ್ನು ಐವತ್ತನೇ ವಯಸ್ಸಿನಲ್ಲಿ ನಾನೇ ಕಲಿಯಬೇಕಾಯಿತು.

ಕಣ್ಣಿನ ವಿಷಯಕ್ಕೆ ಅಪ್ಪನಿಗೂ ನನಗೂ ಜಟಾಪಟಿಯಾಯಿತು. ಬೆಂಕಿಯ ಮುಂದೆ ಕೂತು ಕೂತು ಅವರ ದೃಷ್ಟಿ ಈಗ ಮಂದ, ಕೆಲಸ ನೋಡುವುದೆಲ್ಲ ಉಗುರಿನಲ್ಲೇ. "ಕಣ್ಣು ತೆರೀದೆ ಈ ಮನೆಯಿಂದ ಒಂದು ಇಲೀನೂ ಆಚೆಗೆ ಓಗಿಲ್ಲ ಕಣ್ಲಾ," ಎಂದರು. ಕಣ್ಣು ತೆಗೆಯುವುದಿಲ್ಲ, ಇರುತ್ತದೆ, ಹರಳುಗಳ ನಡುವೆ ಒಂದು ಹರಳಾಗಿರುತ್ತದೆ ಎಂದೆ. ಅವರು ಒಪ್ಪಲಿಲ್ಲ, ಬಿಡಲೂ ಇಲ್ಲ. ಎರಡು ದಿನ ಮುಖ ತಿರುಗಿಸಿಕೊಂಡಿದ್ದವರು ಮೂರನೇ ದಿನ ಸ್ನಾನ ಮಾಡಿಕೊಂಡು ಬಂದು ಮೇಣದ ಮುಂದೆ ಕೂತರು.

"ಎಲ್ಲದೆ?"

"ಹುಡುಕಪ್ಪ."

ಉಗುರು ಆ ಹೊಲದ ಮೇಲೆ ಬಹಳ ಹೊತ್ತು ತಿರುಗಾಡಿತು. ಕೊನೆಗೆ ಒಂದು ಕಡೆ ನಿಂತು, ಹಿಂದಕ್ಕೆ ಹೋಗಿ, ಮತ್ತೆ ಬಂತು. "ಊಂ," ಎಂದರು. "ಇರ್ಲಿ ಬುಡು." ಅಷ್ಟೇ. ನನಗೆ ಅಷ್ಟು ಸಾಕಾಗಿತ್ತು.

ಬೊಂಡಾಸು ಅಷ್ಟು ಕಾಡಲಿಲ್ಲ. ಮೇಡಮ್ಮು ಮೊಬೈಲಿನಲ್ಲಿ ಅದರ ವಿಡಿಯೋ ತೋರಿಸಿದ್ದರು. ಮರಳಿನ ಮೇಲೆ ಕೂತು ಮೈ ಅಲುಗಿಸಿ ತಗ್ಗು ಮಾಡಿಕೊಳ್ಳುತ್ತದೆ, ಆಮೇಲೆ ಎರಡು ತೋಳು ಚಾಚಿ ಅಕ್ಕಪಕ್ಕದ ಮರಳನ್ನು ತಲೆಯ ಮೇಲೆ ಎಳೆದುಕೊಳ್ಳುತ್ತದೆ, ಚಳಿಗೆ ಕಂಬಳಿ ಎಳೆದುಕೊಂಡ ಹಾಗೆ. ಮೈಯಲ್ಲಿ ಅಂಟು ಒಸರಿ ಮರಳು ಮೆತ್ತಿಕೊಳ್ಳುತ್ತದೆ. ಬೇಡವೆಂದಾಗ ಆ ಹೊದಿಕೆಯನ್ನು ಒಂದೇ ಸಲಕ್ಕೆ ಕಳಚಿ ಓಡುತ್ತದೆ. ಅದರ ಹೊಟ್ಟೆಯಲ್ಲಿ ಬೆಳಕೂ ಇದೆಯಂತೆ, ತನ್ನ ನೆರಳನ್ನೇ ಅಳಿಸಿಕೊಳ್ಳುತ್ತದಂತೆ. ಮೇಷ್ಟ್ರು, "ಅದು ಈಗ ಬ್ಯಾಡ ಮೇಡಂ. ನೆರಳು ಅಂದ್ರೆ ನಮ್ಮ ಮಕ್ಕಳಿಗೆ ತಂಪು ಅಂತ ಅಷ್ಟೇ ಗೊತ್ತು" ಎಂದಿದ್ದರು. ಹಾಗಾಗಿ ಬೆಳಕಿನ ಗೋಜು ಬಿಟ್ಟು ಹೆಬ್ಬೆರಳ ಗಾತ್ರದ್ದೊಂದು, ತೋಳು ಎಣಿಸಲು ಅಂಗೈ ಗಾತ್ರದ್ದೊಂದು, ಎರಡು ಬೊಂಡಾಸು ಎರಕ ಹೊಯ್ದೆ. ಈ ಸಲ ಪಕ್ಕದ ರೆಕ್ಕೆಗಳು ರೆಕ್ಕೆಗಳಾಗಿಯೇ ಇದ್ದವು, ಗಣಪತಿಯ ಕಿವಿಗಳಾಗಲಿಲ್ಲ. ಮೇಡಮ್ಮು ಶ್ರೀರಂಗಪಟ್ಟಣದ ಹೊಳೆದಂಡೆಯಿಂದ ಒಂದು ಪಾತ್ರೆ ಮರಳು ತಂದು ತೊಳೆದು ಜರಡಿ ಹಿಡಿದು ಕೊಟ್ಟರು. ಮೈಗೆ ಹರಳೆಣ್ಣೆ ಸವರಿ ಹೊರಳಿಸಿದರೆ ಮರಳು ಚೆನ್ನಾಗಿ ಹಿಡಿಯುತ್ತಿತ್ತು.

ಹೊಲದ ಎರಕದ ದಿನ ಬೆಳಗಿನ ಜಾವವೇ ಕುಲುಮೆ ಹೊತ್ತಿಸಿದೆವು. ಅಗಲವಾದ ತೆಳು ಎರಕ ಬಲು ಪುಕ್ಕಲು, ಲೋಹ ಅಂಚು ಮುಟ್ಟುವುದರೊಳಗೆ ತಣ್ಣಗಾಗಿಬಿಡುತ್ತದೆ. ತುಂಡು ತುಂಡಾಗಿ ಹೊಯ್ದು ಕೂಡಿಸೋಣವೆಂದರೆ ಬೆಸುಗೆಯ ಗೆರೆ ಬೆರಳಿಗೆ ಸಿಗುತ್ತದೆ. ಲೋಹ ಹರಿಯಲು ಆರು ದಾರಿ ಬಿಟ್ಟು, ಅಚ್ಚನ್ನು ಕೆಂಪಗೆ ಕಾಯಿಸಿ, ಬಿಸಿಯಿರುವಾಗಲೇ ನೆಲದಲ್ಲಿ ಹೂತು ಹೊಯ್ದೆವು. ಈ ಸಲ ಹತ್ತನೇ ದಿನ ಅಪ್ಪ ಅಂಗೈ ಇಟ್ಟು "ಊಂ" ಅಂದ ಮೇಲೇ ನಾನು ಅಚ್ಚನ್ನು ಕಾವಿಗೆ ಇಟ್ಟದ್ದು. ಹೊಯ್ದದ್ದನ್ನು ಆರಲು ಬಿಟ್ಟೆವು. ಒಡೆದಾಗ ನಾಲ್ಕು ಮೂಲೆಯೂ ತುಂಬಿತ್ತು. ನಾನು ಅಲ್ಲೇ ಬೂದಿಯ ಮೇಲೆ ಕೂತುಬಿಟ್ಟೆ. ಕೂಳೆಯ ಮೊನೆಗಳು ಚುಚ್ಚದ ಹಾಗೆ ಅರ ಆಡಿಸಿದ್ದು ಬಿಟ್ಟರೆ ಹುಣಸೆಹಣ್ಣು ತೋರಿಸಲಿಲ್ಲ, ಹೊಳಪು ಕೊಡಲಿಲ್ಲ. ಕುಲುಮೆಯಿಂದ ಬಂದ ಮಂಕು ಬಣ್ಣವೇ ಇರಲಿ ಎಂದೆ.

ಶಿವರಾತ್ರಿಗೆ ಮೊದಲ ಸೋಮವಾರ ಶಾಲೆಯಲ್ಲಿ ಏಳನೇ ತರಗತಿಯ ಒಂಬತ್ತು ಮಕ್ಕಳು ಉದ್ದನೆಯ ಮೇಜಿನ ಸುತ್ತ ನಿಂತಿದ್ದರು. ಗೋಡೆಯ ಪಕ್ಕ ಮೂವರು ಅಧಿಕಾರಿಗಳು, ಅವರ ಪಕ್ಕ ಮೇಡಮ್ಮು, ಬಾಗಿಲ ಹತ್ತಿರ ನಾನು. ಮೇಷ್ಟ್ರು ಗೌಜಲಕ್ಕಿಯ ಕೂಗು ಯಾರು ಕೇಳಿದ್ದೀರಿ ಎಂದರು. ಕೆ.ಆರ್. ಪೇಟೆ ಕಡೆಯ ಹುಡುಗಿಯೊಬ್ಬಳು ಗಂಟಲಲ್ಲಿ ಹಾಗೆಯೇ ಕೂಗಿ ತೋರಿಸಿದಳು. ಎಲ್ಲರೂ ನಕ್ಕರು.

"ನಿಮ್ಮ ಮುಂದೆ ಅದೆ. ಹುಡುಕಿ."

ಹದಿನೆಂಟು ಕೈಗಳು ಲೋಹದ ಹೊಲದ ಮೇಲೆ ಹರಿದಾಡಿದವು. ಈ ಅಂಚಿನಿಂದ ಆ ಅಂಚಿಗೆ, ಮತ್ತೆ ಈ ಅಂಚಿಗೆ. ಹಕ್ಕಿಯ ಬೆನ್ನಿನ ಮೇಲೆ ಎಷ್ಟು ಬೆರಳು ಹಾದು ಹೋದವೋ. ಕೂಗಿದ ಹುಡುಗಿ, "ಬರೀ ಹೊಲ ಸಾ" ಎಂದಳು. ಇನ್ನೊಬ್ಬ, "ಮೇಷ್ಟ್ರು ಆಟ ಆಡುಸ್ತಾವ್ರೆ ಕಣ್ಲಾ" ಎಂದು ಪಕ್ಕದವನಿಗೆ ಹೇಳಿದ. ಅಧಿಕಾರಿಗಳಲ್ಲಿ ಹಿರಿಯರು, ಈ ಪಾಠ ಬೇಡ ಎಂದಿದ್ದವರು, ಮೇಜಿನ ಹತ್ತಿರ ಬಂದು ಬಗ್ಗಿದರು. ಕನ್ನಡಕ ಮೇಲೆ ಮಾಡಿದರು, ಕೆಳಗೆ ಮಾಡಿದರು. ನನ್ನ ಕಡೆ ನೋಡಿದರು. ನಾನು ಬೇರೆ ಕಡೆ ನೋಡಿದೆ. ನಿಮಿಷ ಹೋಗುತ್ತಿತ್ತು, ಯಾರಿಗೂ ಸಿಗಲಿಲ್ಲ, ಅತಿಯಾಗಿ ಅಡಗಿಸಿಬಿಟ್ಟೆನೇನೋ ಎಂದು ನನಗೆ ಅನ್ನಿಸತೊಡಗಿತು.

"ನಿಧಾನಕ್ಕೆ," ಎಂದರು ಮೇಷ್ಟ್ರು. "ಹುಡುಕಬ್ಯಾಡಿ. ನೆಲ ಎಲ್ಲಿ ವಸಿ ಉಬ್ಬದೆ, ಅಲ್ಲಿ ನಿಂತ್ಕಳಿ."

ಹುಡುಗಿಯ ಕೈ ನಿಧಾನವಾಯಿತು. ಒಂದು ಉಬ್ಬನ್ನು ಹತ್ತಿತು, ಇಳಿಯಿತು, ಹಿಂದಕ್ಕೆ ಬಂತು. ತೋರುಬೆರಳಿಗೆ ಕೊಕ್ಕು ಸಿಕ್ಕಿತು. ಅಲ್ಲಿಂದ ಉಗುರು ಹಿಂದೆ ಸರಿದು ಒಂದು ಹರಳಿನ ಮೇಲೆ ನಿಂತಿತು.

"ಸಾ, ಕಣ್ಣು," ಎಂದಳು ಮೆಲ್ಲಗೆ. "ಇದ್ರ ಮೇಲೇ ಎಷ್ಟು ಸಲ ಓಡಾಡ್ದೆ ಸಾ ನಾನು."

ಆಮೇಲೆ ಮರಳಿನ ತಟ್ಟೆ ಬಂತು. ಮಕ್ಕಳು ಮರಳು ಕೆದಕಿ ಬೊಂಡಾಸನ್ನು ಎತ್ತಿದರು, ಹರಳೆಣ್ಣೆ ಸವರಿ ಹೊರಳಿಸಿದರು, ತೊಳೆದರು, ಮತ್ತೆ ಹೂತರು. ಹೆಬ್ಬೆರಳಿನಷ್ಟನ್ನು ಅಂಗೈಯಲ್ಲಿ ಮುಚ್ಚಿಕೊಂಡು ಇಷ್ಟೇನಾ ಎಂದರು. ಹಿರಿಯ ಅಧಿಕಾರಿ ಆ ಹುಡುಗಿಯನ್ನೇ ಕೇಳಿದರು, ಎರಡೂ ಅಡಗುತ್ತವೆ, ಎರಡಕ್ಕೂ ವ್ಯತ್ಯಾಸ ಏನಮ್ಮ ಎಂದು.

ಅವಳು ಸ್ವಲ್ಪ ಯೋಚನೆ ಮಾಡಿದಳು. "ಸಮುದ್ರದ್ದು ನೆಲವ ಮೈಮೇಲೆ ಎಳ್ಕತದೆ ಸಾ. ಬ್ಯಾಡ ಅಂದ್ರೆ ಕೊಡವ್ಕಂಡು ಒಂಟೋಯ್ತದೆ. ಗೌಜಲಕ್ಕಿಗೆ ಎಳ್ಕಳಾಕೆ ಏನೂ ಇಲ್ಲ, ಅದ್ರ ಮೈಯೇ ನೆಲ ಇದ್ದಂಗದೆ. ಅದ್ಕೇ ಅದು ಅಲ್ಲಾಡಂಗಿಲ್ಲ. ಅಲ್ಲಾಡುದ್ರೆ ಸಿಕ್ಕಾಕತದೆ."

ಮೇಡಮ್ಮು ಕಣ್ಣೊರೆಸಿಕೊಂಡರು. ಮೂವತ್ತು ವರ್ಷ ಪಾಠ ಮಾಡಿದರೂ ಇಷ್ಟು ಚೊಕ್ಕವಾಗಿ ಹೇಳಿಲ್ಲ ಎಂದು ಆಮೇಲೆ ನನ್ನ ಹತ್ತಿರ ಹೇಳಿದರು. ಹುಡುಗಿಯದು ಇನ್ನೂ ಮುಗಿದಿರಲಿಲ್ಲ. ಮೇಷ್ಟ್ರ ಕಡೆ ತಿರುಗಿ ಕೇಳಿದಳು.

"ಸಾ, ಕಣ್ಣಿರೋರ್ಗೂ ಇಂಗೇನಾ? ಮುಂದೇನೇ ಇದ್ರೂ ಸಿಗಾಕಿಲ್ವಾ?"

"ಅವ್ರನ್ನೇ ಕೇಳವ್ವ," ಎಂದರು ಮೇಷ್ಟ್ರು.

ಹಿರಿಯರು ಅವಳ ಕಡೆ ತಿರುಗಿದರು. "ಸಿಗಲ್ಲ ಕಣಮ್ಮ. ನಾನೂ ಆಗಿಂದ ಹುಡುಕ್ತಾ ಇದ್ದೆ. ನೀನು ಬೆರಳಿಟ್ಟ ಮೇಲೇ ನನಗೆ ಕಾಣಿಸಿದ್ದು." ಆಮೇಲೆ ಮೇಷ್ಟ್ರನ್ನು ಕೇಳಿದರು. "ಜೂನಲ್ಲಿ ಎಂಟನೇ ಕ್ಲಾಸಿಗೆ ಯಾವ ಪಾಠದಿಂದ ಶುರು ಮಾಡ್ತೀರಿ?"

ಮೇಷ್ಟ್ರು ನೆಟ್ಟಗೆ ನಿಂತರು. ಕೈ ಮೇಜಿನ ಅಂಚನ್ನು ಹಿಡಿದುಕೊಂಡಿತ್ತು. "ಮೊದಲ್ನೇ ಪಾಠದಿಂದ ಸಾರ್," ಎಂದರು. "ಒಂದನ್ನೂ ಬಿಡಾಕಿಲ್ಲ."

ಮಕ್ಕಳು ಸಾಲಾಗಿ ಹೊರಡುವಾಗ ಆ ಹುಡುಗಿ ನನ್ನ ಪಕ್ಕದಲ್ಲೇ ಹಾದು ಹೋದಳು. ನನಗೆ ಏನು ಅನ್ನಿಸಿತೋ, ಎರಡೂ ಕೈ ಮುಗಿದು ನಿಂತೆ. ಅವಳು ಹೋಗುತ್ತಲೇ ಇದ್ದಳು. ಅದು ಅವಳಿಗೆ ಕಾಣುವುದಿಲ್ಲವೆಂದು ಆಗ ನೆನಪಾಗಿ ಬಾಯಿಬಿಟ್ಟು ಹೇಳಿದೆ.

"ಬಾಳ ಉಪಕಾರ ಆಯ್ತು ಕಣವ್ವ."

ಅವಳು ನಿಂತಳು. ದನಿ ಬಂದ ಕಡೆಗೆ ಕೈ ಚಾಚಿ, ಹುಡುಕಿ, ಮುಗಿದಿದ್ದ ನನ್ನ ಕೈಗಳನ್ನು ಮುಟ್ಟಿ ನೋಡಿದಳು.